ಹಿರಿಯರ ಟೊಳ್ಳು ಮೂಳೆ, ತೊಡೆಯ ಬಲ ಮತ್ತು ವಿಟಮಿನ್ ಡಿ



ಈ ಪುಟದಲ್ಲಿ ಸಾಮಾನ್ಯವಾಗಿ ರಾಸುಗಳ ಆಹಾರ, ಕೆಚ್ಚಲು ಬಾವು, ಕೃತಕ ಗರ್ಭಧಾರಣೆ ಮುಂತಾದ ವಿಷಯಗಳಿರುತ್ತವೆ. ಈ ಸಂಚಿಕೆಯಲ್ಲಿ ರಾಸು ಸಾಕುವವರ ಬಗ್ಗೆ, ಅದರಲ್ಲೂ ಮನೆಯ ಹಿರಿಯರ ಬಗ್ಗೆ ಬರೆಯುತ್ತಿದ್ದೇನೆ. ಇದಕ್ಕೆ ಕಾರಣವಿದೆ. ಮಗ, ಸೊಸೆ ಹೊಲಕ್ಕೋ ಪೇಟೆಯ ಕೆಲಸಕ್ಕೋ ಹೊರಟ ಮೇಲೆ ಸಗಣಿ ಬಾಚುವುದು, ಕಲಗಚ್ಚು ಇಡುವುದು, ಹುಲ್ಲು ಹಾಕುವುದು, ಎಷ್ಟೋ ಮನೆಗಳಲ್ಲಿ ಹಾಲು ಕರೆಯುವುದೂ ಸಹ 60–70 ದಾಟಿದ ತಾಯಂದಿರ ಪಾಲಿಗೆ ಬಿದ್ದಿದೆ. ಅಂಥವರೊಬ್ಬರು ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟದ ಕೀಲಿನ ಹತ್ತಿರ ಮೂಳೆ ಮುರಿದುಕೊಂಡರೆ ಆಸ್ಪತ್ರೆಯ ಖರ್ಚು ಒಂದು ಕಡೆ, ಅವರನ್ನು ನೋಡಿಕೊಳ್ಳಲು ಮನೆಯಲ್ಲಿ ಇನ್ನೊಬ್ಬರು ಕೆಲಸ ಬಿಡಬೇಕಾಗುತ್ತದೆ. ಕೊನೆಗೆ ಹಸುವನ್ನೇ ಮಾರುತ್ತಾರೆ. ಬತ್ತಿದ ಹಸುವನ್ನಲ್ಲ, ದಿನಕ್ಕೆ 12 ಲೀಟರ್ ಕರೆಯುತ್ತಿದ್ದ ಹಸುವನ್ನು ಹೀಗೆ ಸಿಕ್ಕ ಬೆಲೆಗೆ ಕೊಟ್ಟ ಮನೆಗಳನ್ನು ನಾನು ನೋಡಿದ್ದೇನೆ.

ಮನುಷ್ಯರಿಗೆ ಔಷಧಿ ಬರೆಯುವುದು ಪಶುವೈದ್ಯರ ಕೆಲಸವಲ್ಲ. ಅದನ್ನು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ ಮಾಡಬೇಕು. ಆದರೆ ಕ್ಯಾಲ್ಸಿಯಂ, ವಿಟಮಿನ್ ಡಿ, ಮೂಳೆ, ಸ್ನಾಯು ಇವುಗಳ ಪರಸ್ಪರ ಸಂಬಂಧ ಹಸುವಿನಲ್ಲೂ ಮನುಷ್ಯರಲ್ಲೂ ಬಹುಮಟ್ಟಿಗೆ ಒಂದೇ. ತರಬೇತಿ ಶಿಬಿರಗಳಲ್ಲಿ ಸದಸ್ಯರು ಕೇಳುವ ಒಂದು ಪ್ರಶ್ನೆಯಿಂದಲೇ ಆರಂಭಿಸುತ್ತೇನೆ: "ಸಾರ್, ಹಾಲು ಜ್ವರ ಬಂದು ಮಲಗಿದ ಹಸುವಿಗೆ ನೀವು ಒಂದು ಬಾಟಲಿ ಕ್ಯಾಲ್ಸಿಯಂ ಹಾಕಿದರೆ ಎದ್ದು ನಿಲ್ಲುತ್ತೆ. ನಮ್ಮಮ್ಮನಿಗೂ ಕಾಲಲ್ಲಿ ಶಕ್ತಿಯಿಲ್ಲ, ಎರಡು ಸಲ ಬಿದ್ದಿದ್ದಾರೆ. ಅವರಿಗೂ ಹಾಗೇ ಹಾಕಿಸಿದರೆ ಆಗಲ್ವಾ?"

ಆಗುವುದಿಲ್ಲ. ಏಕೆ ಆಗುವುದಿಲ್ಲ ಎಂಬುದನ್ನು ತಿಳಿದುಕೊಂಡರೆ ಈ ವಿಷಯದ ಮುಕ್ಕಾಲು ಪಾಲು ತಿಳಿದಂತೆ.

ಹಾಲು ಜ್ವರದ ಹಸು ಮತ್ತು ಕಾಲು ಸೋತ ತಾಯಿ

ಕರು ಹಾಕಿದ ಹಸುವಿನ ಕೆಚ್ಚಲಿಗೆ ಗಿಣ್ಣದ ಹಾಲು ಒಮ್ಮೆಲೇ ಇಳಿಯುತ್ತದೆ. 10 ಲೀಟರ್ ಗಿಣ್ಣದ ಹಾಲಿನಲ್ಲಿ 20 ಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇರುತ್ತದೆ. ಆದರೆ ಹಸುವಿನ ರಕ್ತದಲ್ಲಿ ಒಂದು ಹೊತ್ತಿನಲ್ಲಿ ಇರುವುದು ಸುಮಾರು 3 ಗ್ರಾಂ ಮಾತ್ರ. ಮೂಳೆಯಲ್ಲಿ ಕಿಲೋಗಟ್ಟಲೆ ದಾಸ್ತಾನಿದ್ದರೂ ಅದನ್ನು ಹೊರತೆಗೆಯಲು ಸಮಯ ಬೇಕು. ಅಷ್ಟರಲ್ಲಿ ರಕ್ತದ ಕ್ಯಾಲ್ಸಿಯಂ ಇಳಿದು ಹಸು ಕತ್ತು ತಿರುಗಿಸಿ ಮಲಗಿಬಿಡುತ್ತದೆ. (ಹೆಸರಿನಲ್ಲಿ ಜ್ವರವಿದ್ದರೂ ಕಿವಿ, ಮೈ ತಣ್ಣಗಿರುತ್ತವೆ ಎಂಬುದು ನಿಮಗೆ ತಿಳಿದೇ ಇದೆ.) ಇಲ್ಲಿ ಮೂಳೆ ಗಟ್ಟಿಯಾಗಿದೆ, ಸ್ನಾಯು ಚೆನ್ನಾಗಿದೆ, ರಕ್ತದಲ್ಲಿ ಮಾತ್ರ ಕೊರತೆ. ಆದ್ದರಿಂದ ನರಕ್ಕೆ ಕೊಟ್ಟ ಬಾಟಲಿ ಗಂಟೆಯೊಳಗೆ ಕೆಲಸ ಮಾಡುತ್ತದೆ.

ವಯಸ್ಸಾದ ತಾಯಿಯ ವಿಷಯ ಇದಕ್ಕೆ ತದ್ವಿರುದ್ಧ. ಅವರ ರಕ್ತದ ಕ್ಯಾಲ್ಸಿಯಂ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ, ಏಕೆಂದರೆ ದೇಹವು ಅದನ್ನು ವರ್ಷಗಟ್ಟಲೆ ಮೂಳೆಯಿಂದ ಕಿತ್ತು ಸರಿದೂಗಿಸಿಕೊಂಡು ಬಂದಿದೆ. ಖಾಲಿಯಾಗಿರುವುದು ದಾಸ್ತಾನು. ಜೊತೆಗೆ ತೊಡೆ, ಪಿರ್ರೆಗಳ ಸ್ನಾಯು ಕರಗಿದೆ. ಇದು ಒಂದು ರಾತ್ರಿಯಲ್ಲಿ ಆದದ್ದಲ್ಲ, ಒಂದು ಬಾಟಲಿಯಲ್ಲಿ ಹೋಗುವುದೂ ಇಲ್ಲ. ರಾಸುಗಳ ಕ್ಯಾಲ್ಸಿಯಂ ಬಾಟಲಿ, ಕುಡಿಸುವ ದ್ರವ ಕ್ಯಾಲ್ಸಿಯಂ ಇವು 400 ಕೆಜಿ ತೂಕದ ಪ್ರಾಣಿಯ ಲೆಕ್ಕದಲ್ಲಿ ತಯಾರಾದವು. ಹಸುವಿಗೆ ಹಾಕುವಾಗಲೇ ನಾವು ಎದೆಬಡಿತ ನೋಡುತ್ತಾ ನಿಧಾನವಾಗಿ ಬಿಡುತ್ತೇವೆ, ವೇಗ ಹೆಚ್ಚಾದರೆ ಹೃದಯ ನಿಲ್ಲುತ್ತದೆ. ಅವುಗಳನ್ನು ಮನೆಯವರಿಗೆ ಕೊಡುವ ಯೋಚನೆಯನ್ನೂ ಮಾಡಬೇಡಿ.

ಮೂಳೆ ಟೊಳ್ಳಾಗುವುದು ಎಂದರೇನು?

ನಮ್ಮಲ್ಲಿ ಮಂಡಿ ನೋವಿಗೆ "ಮೂಳೆ ಸವೆದಿದೆ" ಎನ್ನುವುದು ರೂಢಿ. ಅದು ಕೀಲಿನ ಸವೆತ, ಬೇರೆ ಕಾಯಿಲೆ. ನಾನು ಇಲ್ಲಿ ಹೇಳುತ್ತಿರುವುದು ಮೂಳೆಯ ಒಳಗಿನ ಜಾಲರಿ ತೆಳುವಾಗಿ ಮೂಳೆಯೇ ಟೊಳ್ಳಾಗುವುದು. ವೈದ್ಯರು ಇದನ್ನು ಆಸ್ಟಿಯೋಪೊರೋಸಿಸ್ ಎನ್ನುತ್ತಾರೆ. ಮುಟ್ಟು ನಿಂತ ನಂತರದ ಕೆಲವು ವರ್ಷಗಳಲ್ಲಿ ಹೆಂಗಸರಲ್ಲಿ ಇದು ವೇಗವಾಗಿ ನಡೆಯುತ್ತದೆ. ಗಂಡಸರಲ್ಲಿ ನಿಧಾನ, ಆದರೆ ತಪ್ಪಿದ್ದಲ್ಲ. ಇದಕ್ಕೆ ನೋವಿಲ್ಲ, ಮುರಿಯುವವರೆಗೆ ಗೊತ್ತಾಗುವುದಿಲ್ಲ. ಎತ್ತರ ಕಡಿಮೆಯಾಗಿ ಬೆನ್ನು ಗೂನಾಗುತ್ತಿದ್ದರೆ ಬೆನ್ನೆಲುಬಿನ ಮಣಿಗಳು ಒಳಗೇ ಕುಸಿಯುತ್ತಿವೆಯೇ ಎಂದು ಪರೀಕ್ಷಿಸಿಕೊಳ್ಳಬೇಕು. ನಿಂತ ಎತ್ತರದಿಂದ ಬಿದ್ದ ಮಾತ್ರಕ್ಕೆ ಮಣಿಕಟ್ಟು ಮುರಿದರೆ ಅದೂ ಎಚ್ಚರಿಕೆಯೇ. ಡೆಕ್ಸಾ ಎಂಬ ಎಕ್ಸ್‌ರೇ ಪರೀಕ್ಷೆಯಲ್ಲಿ ಟಿ-ಅಂಕ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಈ ಕಾಯಿಲೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ನಿಗದಿಪಡಿಸಿದೆ.

ಇಲ್ಲಿ ಗಮನಿಸಬೇಕಾದ ಒಂದು ಮಾತು: ಸೊಂಟದ ಕೀಲಿನ ಮೂಳೆ ಮುರಿಯಲು ಬಹುಪಾಲು ಎರಡು ಸಂಗತಿಗಳು ಸೇರಬೇಕು. ಮೂಳೆ ಟೊಳ್ಳಾಗಿರಬೇಕು, ಮತ್ತು ಮನುಷ್ಯ ಬೀಳಬೇಕು. ನಾವು ಮೊದಲನೆಯದರ ಬಗ್ಗೆ ಮಾತ್ರೆ, ಟಾನಿಕ್ ಎಂದು ತಲೆಕೆಡಿಸಿಕೊಳ್ಳುತ್ತೇವೆ. ಬೀಳದಂತೆ ನೋಡಿಕೊಳ್ಳುವುದನ್ನು ಮರೆಯುತ್ತೇವೆ.

ವಿಟಮಿನ್ ಡಿ ಮತ್ತು ಎಳೆಬಿಸಿಲು

ತಿಂದ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸೇರಬೇಕಾದರೆ ವಿಟಮಿನ್ ಡಿ ಬೇಕು. ಬಿಸಿಲು ಚರ್ಮಕ್ಕೆ ಬಿದ್ದಾಗ ಅದು ಅಲ್ಲಿಯೇ ತಯಾರಾಗುತ್ತದೆ, ನಂತರ ಯಕೃತ್ತು ಮತ್ತು ಮೂತ್ರಪಿಂಡಗಳಲ್ಲಿ ಹದಗೊಂಡು ಕೆಲಸಕ್ಕೆ ಬರುತ್ತದೆ. ಬಿಸಿಲಿಗೂ ಕ್ಯಾಲ್ಸಿಯಂಗೂ ಇರುವ ನಂಟಿನ ಸುಳಿವು ಮೊದಲು ಸಿಕ್ಕವರಲ್ಲಿ ಹಾಲಿನ ಪ್ರಾಣಿಗಳ ಮೇಲೆ ಕೆಲಸ ಮಾಡುತ್ತಿದ್ದವರೂ ಇದ್ದರು ಎಂಬುದು ನಮಗೆ ಸಂತೋಷದ ವಿಷಯ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಸ್ಟೀನ್‌ಬಾಕ್ ಮತ್ತು ಹಾರ್ಟ್ ಎಂಬ ವಿಜ್ಞಾನಿಗಳು, ಹಾಲು ಕೊಡುವ ಆಡುಗಳನ್ನು ಒಳಗೆ ಕಟ್ಟಿದರೆ ಮೈಯ ಕ್ಯಾಲ್ಸಿಯಂ ಕಳೆದುಕೊಳ್ಳುತ್ತವೆ, ಹೊರಗೆ ಬಿಟ್ಟರೆ ಹಾಗಾಗುವುದಿಲ್ಲ ಎಂದು 1913ರ ಹೊತ್ತಿಗೇ ಗಮನಿಸಿದ್ದರು.

"ನಾವು ಹಳ್ಳಿಯವರು, ಬಿಸಿಲಿಗೇನು ಬರ?" ಎಂದು ನೀವು ಕೇಳಬಹುದು. ಹೊಲದಲ್ಲಿ ದುಡಿಯುವವರೆಗೆ ಆ ಮಾತು ಸರಿ. ಆದರೆ ವಯಸ್ಸಾದ ಮೇಲೆ ದಿನಚರಿ ಹೇಗಿರುತ್ತದೆ ನೋಡಿ. ಡೇರಿಗೆ ಹಾಲು ಹಾಕುವ ವೇಳೆ ಬೆಳಿಗ್ಗೆ 6 ಮತ್ತು ಸಂಜೆ 6ರ ಆಸುಪಾಸು. ಹಿರಿಯರು ಹೊರಗೆ ಬರುವುದು ಆ ಎರಡು ಹೊತ್ತು ಮಾತ್ರ, ನಡುಹಗಲು ಒಳಗೆ ಮಲಗಿರುತ್ತಾರೆ. ವಿಟಮಿನ್ ಡಿ ತಯಾರಿಸುವ ಕಿರಣಗಳು ಮುಂಜಾನೆ ಮತ್ತು ಸಂಜೆಯ ಓರೆ ಬಿಸಿಲಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಎಳೆಬಿಸಿಲು ಮೈಗೆ ಹಿತ, ಅದರಿಂದ ವಿಟಮಿನ್ ಡಿ ಮಾತ್ರ ಸಿಗದು. ನಮ್ಮ ನೆರೆಯ ತಿರುಪತಿಯಲ್ಲಿ ನಡೆದ ಅಧ್ಯಯನದಲ್ಲಿ ಬೆಳಿಗ್ಗೆ 11ರಿಂದ ಮಧ್ಯಾಹ್ನ 2ರ ನಡುವಿನ ಬಿಸಿಲೇ ಇದಕ್ಕೆ ತಕ್ಕದ್ದೆಂದು ಕಂಡುಬಂದಿದೆ. ಗಡಿಯಾರ ಬೇಡ, ನಿಮ್ಮ ನೆರಳು ನಿಮಗಿಂತ ಗಿಡ್ಡಗಿರುವ ಹೊತ್ತು ಎಂದು ನೆನಪಿಟ್ಟುಕೊಂಡರೆ ಸಾಕು. ಕಿಟಕಿಯ ಗಾಜಿನ ಮೂಲಕ ಬಂದ ಬಿಸಿಲು ಲೆಕ್ಕಕ್ಕಿಲ್ಲ. ಇದಲ್ಲದೆ ಕಪ್ಪು ಮೈಬಣ್ಣಕ್ಕೆ ಹೆಚ್ಚು ಹೊತ್ತು ಬೇಕು, ಮುದಿ ಚರ್ಮ ಎಳೆಯ ಚರ್ಮದ ಅರ್ಧಕ್ಕಿಂತ ಕಡಿಮೆ ತಯಾರಿಸುತ್ತದೆ. ವಾರಕ್ಕೆ ಮೂರು ನಾಲ್ಕು ದಿನ, 20–30 ನಿಮಿಷ, ತೋಳು ಮತ್ತು ಕಾಲಿಗೆ ಬಿಸಿಲು ಬೀಳುವಂತೆ, ತಲೆಗೆ ಬಟ್ಟೆ ಹೊದ್ದು ಜಗಲಿಯಲ್ಲಿ ಕುಳಿತು ಅವರೆಕಾಯಿ ಬಿಡಿಸಿದರೂ ಆಯಿತು. ಕಡು ಬೇಸಿಗೆಯಲ್ಲಿ, ರಕ್ತದೊತ್ತಡ ಅಥವಾ ಹೃದ್ರೋಗ ಇದ್ದವರಲ್ಲಿ ಇದನ್ನು ಹಠಕ್ಕೆ ಮಾಡಬಾರದು.

ವಿಟಮಿನ್ ಡಿ ತೀರಾ ಕಡಿಮೆಯಾದರೆ ತೊಂದರೆ ಮೂಳೆಗೆ ಮಾತ್ರವಲ್ಲ. ತೊಡೆ ಮತ್ತು ಸೊಂಟದ ಸುತ್ತಲಿನ ಸ್ನಾಯುಗಳು ಸೋಲುತ್ತವೆ. ಎಡವಿದಾಗ ತಟ್ಟನೆ ಇನ್ನೊಂದು ಕಾಲು ಮುಂದಿಟ್ಟು ನಮ್ಮನ್ನು ಹಿಡಿದು ನಿಲ್ಲಿಸುವ ಚುರುಕು ಎಳೆಗಳೇ ಮೊದಲು ಸೊರಗುವುದು. ಕುಕ್ಕರಗಾಲಿನಿಂದ ಏಳುವಾಗ ಮಂಡಿಗೆ ಕೈಯೂರುವುದು, ಬಸ್ಸಿನ ಮೆಟ್ಟಿಲು ಹತ್ತಲು ಕಂಬಿ ಎಳೆದುಕೊಳ್ಳುವುದು, ಬಾತುಕೋಳಿಯಂತೆ ಓಲಾಡಿ ನಡೆಯುವುದು, ಮೈಯೆಲ್ಲಾ ಮೂಳೆ ಒತ್ತಿದರೆ ನೋವು – ಇವು ಲಕ್ಷಣಗಳು. "ವಯಸ್ಸಾಯ್ತು" ಎಂದು ಬಿಡುವ ಬದಲು ರಕ್ತ ಪರೀಕ್ಷೆ ಮಾಡಿಸಿ. ಮಿಲಿಲೀಟರಿಗೆ 20 ನ್ಯಾನೋಗ್ರಾಂಗಿಂತ ಕಡಿಮೆ ಇದ್ದರೆ ಅದನ್ನು ಕೊರತೆ ಎನ್ನುತ್ತಾರೆ.

60,000 ಯೂನಿಟ್‌ನ ಪೊಟ್ಟಣ

ಹಾಗಾದರೆ ಎಲ್ಲ ಹಿರಿಯರಿಗೂ ವಿಟಮಿನ್ ಡಿ ಕೊಟ್ಟುಬಿಟ್ಟರೆ ಬೀಳುವುದು ನಿಲ್ಲುತ್ತದೆಯೇ? ಈ ಪ್ರಶ್ನೆಗೆ ಉತ್ತರ 30 ವರ್ಷಗಳಲ್ಲಿ ಬದಲಾಗುತ್ತಾ ಬಂದಿದೆ. 1992ರಲ್ಲಿ ಫ್ರಾನ್ಸಿನ ವೃದ್ಧಾಶ್ರಮಗಳಲ್ಲಿ 3,270 ವಯಸ್ಸಾದ ಹೆಂಗಸರ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ದಿನವೂ 800 ಯೂನಿಟ್ ವಿಟಮಿನ್ ಡಿ ಮತ್ತು 1,200 ಮಿಲಿಗ್ರಾಂ ಕ್ಯಾಲ್ಸಿಯಂ ಪಡೆದವರಲ್ಲಿ ಒಂದೂವರೆ ವರ್ಷದಲ್ಲಿ ಸೊಂಟದ ಮೂಳೆ ಮುರಿತ ಶೇಕಡಾ 43ರಷ್ಟು ಕಡಿಮೆಯಾಗಿತ್ತು. 2003ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ದೀರ್ಘಕಾಲ ಆಸ್ಪತ್ರೆಯಲ್ಲಿದ್ದ 122 ವೃದ್ಧೆಯರಲ್ಲಿ ಬರೀ ಕ್ಯಾಲ್ಸಿಯಂ ಪಡೆದವರಿಗಿಂತ ಎರಡನ್ನೂ ಪಡೆದವರು 12 ವಾರಗಳಲ್ಲಿ ಅರ್ಧದಷ್ಟು ಮಾತ್ರ ಬಿದ್ದರು. ಇವರೆಲ್ಲ ಬಿಸಿಲು ಕಾಣದೆ ಒಳಗೇ ಇದ್ದವರು ಎಂಬುದನ್ನು ಗಮನಿಸಿ.

ಆಮೇಲೆ ಅಮೆರಿಕದಲ್ಲಿ ಆರೋಗ್ಯವಂತರಾದ 25,871 ಜನರಿಗೆ ದಿನಕ್ಕೆ 2,000 ಯೂನಿಟ್ ಅಥವಾ ಸಪ್ಪೆ ಮಾತ್ರೆ ಕೊಟ್ಟು ನೋಡಿದರು. 2022ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮೂಳೆ ಮುರಿತ ಕಡಿಮೆಯಾಗಲಿಲ್ಲ. ಇದರಲ್ಲಿ ನಮಗೆ ಆಶ್ಚರ್ಯವಿಲ್ಲ. ಖನಿಜ ಮಿಶ್ರಣವನ್ನೇ ಕಾಣದ ಹಸುವಿಗೆ ದಿನಕ್ಕೆ 50 ಗ್ರಾಂ ಕೊಟ್ಟರೆ ಬೆದೆಗೆ ಬರುತ್ತದೆ, ಹಾಲೂ ಹೆಚ್ಚುತ್ತದೆ. ಚೆನ್ನಾಗಿ ತಿಂದು ಕೊಬ್ಬಿದ ಹಸುವಿಗೆ 100 ಗ್ರಾಂ ಕೊಟ್ಟರೆ ಏನೂ ಆಗುವುದಿಲ್ಲ. ಕೊರತೆ ಇದ್ದ ಕಡೆ ಮಾತ್ರ ಕೆಲಸ.

ಏನೂ ಆಗದಿದ್ದರೆ ಪರವಾಗಿಲ್ಲ, ಹೆಚ್ಚಾದರೆ ಕೆಡುಕೂ ಇದೆ. ಆಸ್ಟ್ರೇಲಿಯಾದಲ್ಲಿ 70 ದಾಟಿದ 2,256 ಹೆಂಗಸರ ಅಧ್ಯಯನದಲ್ಲಿ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಪಡೆದವರು ಉಳಿದವರಿಗಿಂತ ಹೆಚ್ಚು ಬಿದ್ದರು, ಹೆಚ್ಚು ಮೂಳೆ ಮುರಿದುಕೊಂಡರು (2010). ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ ಹಿಂದೊಮ್ಮೆ ಬಿದ್ದಿದ್ದ 200 ಹಿರಿಯರನ್ನು ಒಂದು ವರ್ಷ ಗಮನಿಸಿದರು. ತಿಂಗಳಿಗೆ 24,000 ಯೂನಿಟ್ ಪಡೆದವರಲ್ಲಿ 100ಕ್ಕೆ 48 ಜನ ಬಿದ್ದರೆ, 60,000 ಯೂನಿಟ್ ಪಡೆದವರಲ್ಲಿ 67 ಜನ ಬಿದ್ದರು (2016). ಕಾಲಿನ ಶಕ್ತಿಯೂ ಹೆಚ್ಚಲಿಲ್ಲ.

ಈ 60,000 ಎಂಬ ಸಂಖ್ಯೆ ನಿಮಗೆ ಪರಿಚಿತ. ನಮ್ಮ ಔಷಧಿ ಅಂಗಡಿಗಳಲ್ಲಿ ಸಿಗುವ, ಹಾಲಿಗೆ ಬೆರೆಸಿ ಕುಡಿಯುವ ಪುಡಿಯ ಪೊಟ್ಟಣ ಅದೇ ಪ್ರಮಾಣದ್ದು. ರಕ್ತದಲ್ಲಿ ಕೊರತೆ ಕಂಡಾಗ ವಾರಕ್ಕೊಂದರಂತೆ ಸಾಮಾನ್ಯವಾಗಿ 8 ವಾರ ಎಂದು ವೈದ್ಯರು ಬರೆಯುತ್ತಾರೆ, ಅದು ಸರಿಯಾದ ಚಿಕಿತ್ಸೆ. ತೊಂದರೆ ಆಗುವುದು 8 ವಾರ ಮುಗಿದ ಮೇಲೂ ಅದೇ ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ತರುವಾಗ, ಅಥವಾ ವಾರಕ್ಕೊಂದು ಎಂಬುದನ್ನು ದಿನಕ್ಕೊಂದು ಎಂದು ತಿಳಿದಾಗ. ಎರಡನೆಯದು ಅಪಾಯಕಾರಿ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಅತಿಯಾದ ಬಾಯಾರಿಕೆ, ಬುದ್ಧಿ ಮಂಕು ಕಾಣಿಸಿಕೊಳ್ಳುತ್ತವೆ, ಮೂತ್ರಪಿಂಡ ಕೆಡುತ್ತದೆ. ರಾಸುಗಳಲ್ಲಿಯೂ ವಿಟಮಿನ್ ಡಿ ಇಂಜೆಕ್ಷನ್ ಮಿತಿಮೀರಿದರೆ ರಕ್ತನಾಳಗಳಲ್ಲಿ ಸುಣ್ಣ ಕಟ್ಟುತ್ತದೆ. ನಿಮ್ಮ ಮನೆಯಲ್ಲಿ ಈ ಪೊಟ್ಟಣವಿದ್ದರೆ, ಎಂದು ಆರಂಭಿಸಿದಿರಿ, ಎಷ್ಟು ಮುಗಿಯಿತು ಎಂಬುದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಕೊರತೆ ತುಂಬಿದ ಮೇಲೆ ಮುಂದುವರಿಸಬೇಕಾದರೆ ದಿನವೂ ಸಣ್ಣ ಪ್ರಮಾಣ ಒಳ್ಳೆಯದು. 60 ದಾಟಿದವರ ದಿನದ ಅಗತ್ಯ 800 ಯೂನಿಟ್ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು ಹೇಳುತ್ತದೆ.

ಮನೆಯ ಹಾಲು ಮನೆಯ ಹಿರಿಯರಿಗೆ

ಹಾಲಿನಲ್ಲಿ ವಿಟಮಿನ್ ಡಿ ಧಾರಾಳವಾಗಿದೆ ಎಂದು ಹಲವರು ತಿಳಿದಿದ್ದಾರೆ. ಕರೆದ ಹಾಲಿನಲ್ಲಿ ಸ್ವಾಭಾವಿಕವಾಗಿ ಇರುವುದು ಅತ್ಯಲ್ಪ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮದಂತೆ ‘+ಎಫ್’ ಗುರುತಿನ ಪೊಟ್ಟಣದ ಹಾಲಿಗೆ ಲೀಟರಿಗೆ 200–300 ಯೂನಿಟ್‌ನಷ್ಟು ಸೇರಿಸಲಾಗುತ್ತದೆ. ಮನೆಯ ಹಾಲಿನಲ್ಲಿ ಅದು ಇರುವುದಿಲ್ಲ. ಹಾಲಿನ ನಿಜವಾದ ಬೆಲೆ ಕ್ಯಾಲ್ಸಿಯಂ ಮತ್ತು ಪ್ರೋಟೀನಿನಲ್ಲಿದೆ.

2021ರಲ್ಲಿ ಆಸ್ಟ್ರೇಲಿಯಾದಿಂದ ಬಂದ ಅಧ್ಯಯನವೊಂದನ್ನು ಹಾಲು ಉತ್ಪಾದಕರೆಲ್ಲರೂ ತಿಳಿದಿರಬೇಕು. 60 ವೃದ್ಧಾಶ್ರಮಗಳ ಸುಮಾರು 7,200 ಹಿರಿಯರು, ಸರಾಸರಿ ವಯಸ್ಸು 86. ಅರ್ಧದಷ್ಟು ಆಶ್ರಮಗಳಲ್ಲಿ ಹಾಲು, ಮೊಸರು, ಚೀಸ್ ಹೆಚ್ಚಿಸಿದರು, ಉಳಿದ ಕಡೆ ಮಾಮೂಲಿ ಊಟ. ಎರಡು ವರ್ಷಗಳಲ್ಲಿ ಹಾಲು ಹೆಚ್ಚಿಸಿದ ಕಡೆ ಮೂಳೆ ಮುರಿತ ಶೇಕಡಾ 33, ಸೊಂಟದ ಮುರಿತ ಶೇಕಡಾ 46, ಬೀಳುವುದು ಶೇಕಡಾ 11 ಕಡಿಮೆಯಾಯಿತು. ಅವರ ವಿಟಮಿನ್ ಡಿ ಮೊದಲೇ ಸರಿಯಾಗಿತ್ತು, ಕೊರತೆಯಿದ್ದುದು ಕ್ಯಾಲ್ಸಿಯಂ ಮತ್ತು ಪ್ರೋಟೀನಿನದು ಎಂಬುದನ್ನೂ ಸೇರಿಸಿ ಓದಿಕೊಳ್ಳಬೇಕು.

ಈಗ ನಮ್ಮ ಮನೆಗಳಿಗೆ ಬರೋಣ. ಕ್ಯಾನ್ ತುಂಬಾ ಹಾಲು ಡೇರಿಗೆ ಹೋಗುತ್ತದೆ, ಅಜ್ಜಿಗೆ ಸಿಗುವುದು ಕಾಫಿಯ ಬಣ್ಣ ಬದಲಾಗುವಷ್ಟು ಹಾಲು. ಅಜ್ಜಿಯೇ ಹಾಗೆ ಮಾಡುತ್ತಾರೆ, "ನನಗ್ಯಾಕಪ್ಪಾ ಹಾಲು, ಮಕ್ಕಳಿಗಿರಲಿ" ಎನ್ನುತ್ತಾರೆ. 60 ದಾಟಿದವರಿಗೆ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಅರ್ಧ ಲೀಟರ್ ಹಸುವಿನ ಹಾಲು ಅಥವಾ ಅದರ ಮೊಸರಿನಿಂದ ಸುಮಾರು 600, 150 ಗ್ರಾಂ ರಾಗಿ ಹಿಟ್ಟಿನ ಮುದ್ದೆಯಿಂದ ಸುಮಾರು 500, ಉಳಿದದ್ದು ಸೊಪ್ಪು, ಕಾಳಿನಿಂದ. ರಾಗಿಯ ಕ್ಯಾಲ್ಸಿಯಂ ಪೂರ್ತಿ ಮೈಗೆ ಹತ್ತುವುದಿಲ್ಲ, ಮೊಳಕೆ ಕಟ್ಟಿದ ರಾಗಿ ಮೇಲು. ಹಾಲು ಅರಗದಿದ್ದರೆ ಮೊಸರು, ಮಜ್ಜಿಗೆ ಆಗಬಹುದು, ಆದರೆ ನೀರು ಮಜ್ಜಿಗೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ದಿನಕ್ಕೆ ಅರ್ಧ ಲೀಟರ್ ಡೇರಿಗೆ ಕಡಿಮೆ ಹಾಕಿದರೆ ಸಂಘಕ್ಕೆ ನಷ್ಟವೇನೂ ಇಲ್ಲ.

ಒಂದು ಎಚ್ಚರಿಕೆ. ಟೊಳ್ಳು ಮೂಳೆಗೆ ವೈದ್ಯರು ವಾರಕ್ಕೊಂದು ನುಂಗುವ ಅಲೆಂಡ್ರೊನೇಟ್ ಮಾತ್ರೆ ಬರೆದಿದ್ದರೆ ಅದನ್ನು ಹಾಲಿನ ಜೊತೆ ನುಂಗಬಾರದು, ಔಷಧಿ ಮೈಗೆ ಹತ್ತುವುದಿಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ಬರೀ ನೀರಿನಲ್ಲಿ ನುಂಗಿ, ಅರ್ಧ ಗಂಟೆ ಮಲಗದೆ, ಏನೂ ತಿನ್ನದೆ ಇರಬೇಕು.

ತೊಡೆಗೆ ಕೆಲಸ ಕೊಡಿ

ಬೀಳುವುದನ್ನು ತಡೆಯುವಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಪುರಾವೆ ಇರುವುದು ವ್ಯಾಯಾಮಕ್ಕೆ. ನ್ಯೂಜಿಲೆಂಡಿನ ಒಟಾಗೊ ವೈದ್ಯಕೀಯ ಶಾಲೆಯವರು 1990ರ ದಶಕದಲ್ಲಿ 80 ದಾಟಿದ ಹೆಂಗಸರಿಗೆ ಮನೆಯಲ್ಲೇ ಮಾಡುವ ಕಾಲಿನ ಮತ್ತು ಸಮತೋಲನದ ವ್ಯಾಯಾಮ ಕಲಿಸಿ, ಬೀಳುವುದನ್ನು ಮೂರನೇ ಒಂದು ಭಾಗದಷ್ಟು ಕಡಿಮೆ ಮಾಡಿ ತೋರಿಸಿದರು. 2019ರಲ್ಲಿ ಇಂಥ 108 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗಲೂ ಶೇಕಡಾ 23ರಷ್ಟು ಇಳಿಕೆ ಕಂಡಿತು. ಯಾವ ಪೊಟ್ಟಣವೂ ಇಷ್ಟು ಮಾಡಿಲ್ಲ.

"ದಿನವಿಡೀ ಕೊಟ್ಟಿಗೆ ಕೆಲಸ ಮಾಡುವವರಿಗೆ ವ್ಯಾಯಾಮ ಯಾಕೆ?" ಎಂದು ಅನ್ನಿಸಬಹುದು. ಕೆಲಸ ಬಹಳ ಸಲ ಬೆನ್ನು ಬಗ್ಗಿಸಿಯೇ ನಡೆಯುತ್ತದೆ, ತೊಡೆಗೆ ಬಲ ಬೀಳುವುದಿಲ್ಲ. ಪರೀಕ್ಷಿಸಿ ನೋಡಿ: ಗೋಡೆಗೆ ಒರಗಿಸಿದ ಕುರ್ಚಿಯ ಮೇಲೆ ಅಮ್ಮನನ್ನು ಕೂರಿಸಿ, ಕೈ ಕಟ್ಟಿಕೊಂಡು 5 ಸಲ ಎದ್ದು ಕೂರಲು ಹೇಳಿ. ನೀವು ಪಕ್ಕದಲ್ಲೇ ನಿಂತಿರಿ. 15 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ತೊಡೆ ಸೋತಿದೆ. ಆ ಪರೀಕ್ಷೆಯೇ ವ್ಯಾಯಾಮ ಕೂಡ. ದಿನಕ್ಕೆ ಎರಡು ಹೊತ್ತು ಹತ್ತತ್ತು ಸಲ, ಮೊದಮೊದಲು ಕೈ ಊರಿಯಾದರೂ ಸರಿ. ಕಿಟಕಿಯ ಸರಳು ಹಿಡಿದು ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಲ್ಲುವುದು, ಅದೇ ಸರಳು ಹಿಡಿದು ಒಂದು ಕಾಲಲ್ಲಿ 10 ಎಣಿಸುವವರೆಗೆ ನಿಲ್ಲುವುದು, ಗೋಡೆಯ ಪಕ್ಕ ಹೆಜ್ಜೆಗೆ ಹೆಜ್ಜೆ ತಾಗಿಸಿ ನಡೆಯುವುದು. ಕುಳಿತಲ್ಲೇ ಮೊಣಕಾಲು ನೇರ ಮಾಡುವುದು ಸುಲಭವಾದ ಮೇಲೆ, ಅರ್ಧ ಕೆಜಿ ಮರಳು ತುಂಬಿದ ಬಟ್ಟೆ ಚೀಲವನ್ನು ಕಣಕಾಲಿಗೆ ಕಟ್ಟಿಕೊಳ್ಳಬಹುದು. ವಾರಕ್ಕೆ ಮೂರು ದಿನವಾದರೂ ತಪ್ಪದೆ ಮಾಡಿದರೆ ಎರಡು ಮೂರು ತಿಂಗಳಲ್ಲಿ ಬದಲಾವಣೆ ಕಾಣುತ್ತದೆ, ನಿಲ್ಲಿಸಿದರೆ ಮತ್ತೆ ಹೋಗುತ್ತದೆ. ಬೆನ್ನಿನ ಮಣಿ ಕುಸಿದವರು ಮಾತ್ರ ಮುಂದಕ್ಕೆ ಬಗ್ಗುವ ವ್ಯಾಯಾಮ ಮಾಡಬಾರದು, ತುಂಬಿದ ಬಕೆಟ್ ಎತ್ತಲೂಬಾರದು.

ಕೊಟ್ಟಿಗೆಯನ್ನು ಒಮ್ಮೆ ನೋಡಿ

ಕೆಲವು ತಿಂಗಳ ಹಿಂದೆ ಗರ್ಭ ಪರೀಕ್ಷೆಗೆ ಹೋದ ಮನೆಯಲ್ಲಿ, 68 ವರ್ಷದ ತಾಯಿ ಹಾಸಿಗೆ ಹಿಡಿದಿದ್ದರು. ಬೆಳಗಿನ ಜಾವ ಕರೆಂಟು ಇಲ್ಲದಾಗ ಕಲಗಚ್ಚಿನ ಬಕೆಟ್ ಹಿಡಿದು ಹೋಗುವಾಗ ನೆಲದ ಮೇಲೆ ಅಡ್ಡಲಾಗಿದ್ದ ಹಗ್ಗ ಕಾಲಿಗೆ ಸಿಕ್ಕಿ ಬಿದ್ದದ್ದು. ಹಸುವಿನ ಅಡಿಗೆ ಹೊಸ ರಬ್ಬರ್ ಮ್ಯಾಟ್ ಇತ್ತು. ಅವರು ನಡೆಯುವ ದಾರಿಯಲ್ಲಿ ಪಾಚಿ ಕಟ್ಟಿದ ನುಣುಪು ಚಪ್ಪಡಿ ಕಲ್ಲು. ಮ್ಯಾಟ್ ಹಾಕಿಸಿದ್ದು ತಪ್ಪಲ್ಲ. ಇನ್ನೊಂದು ತುಂಡನ್ನು ಆ ಕಲ್ಲಿನ ಮೇಲೆ ಹಾಕಬಹುದಿತ್ತು.

ಸಿಮೆಂಟ್ ನೆಲ ಹಾಕಿಸುವಾಗ ನುಣುಪು ಮಾಡಿಸದೆ ಗೆರೆ ಹೊಡೆಸಿ, ಅದು ರಾಸಿಗೂ ಒಳ್ಳೆಯದು. ಗಂಜಲದ ಚರಂಡಿಗೆ ಮುಚ್ಚಳವಿರಲಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಪಾಚಿಯನ್ನು ಗಡುಸು ಪೊರಕೆಯಿಂದ ಉಜ್ಜಿ. ಬ್ಯಾಟರಿ ದೀಪವೊಂದು ಬಾಗಿಲ ಬಳಿ ಕೈಗೆ ಸಿಗುವಂತಿರಲಿ. ಹೊಸ್ತಿಲ ಪಕ್ಕ ಹಿಡಿದುಕೊಳ್ಳಲು ಒಂದು ಬೊಂಬು ನೆಟ್ಟರೂ ಸಾಕು. ಸವೆದ ಹವಾಯಿ ಚಪ್ಪಲಿಯನ್ನು "ಕೊಟ್ಟಿಗೆಗೆ ಇದು ಸಾಕು" ಎಂದು ಇಟ್ಟುಕೊಳ್ಳುವುದನ್ನು ಬಿಡಿ. ಹಸುವನ್ನು ಮೇಯಲು ಹೊಡೆದುಕೊಂಡು ಹೋಗುವಾಗ ಹಗ್ಗವನ್ನು ಕೈಗೆ ಸುತ್ತಿಕೊಳ್ಳುವ ಅಭ್ಯಾಸ ಹಿರಿಯರಲ್ಲಿ ಬಹಳ. ನಾಯಿಗೆ ಬೆದರಿ ಹಸು ಎಳೆದರೆ ಹಗ್ಗ ಬಿಡಲಾಗದೆ ಅವರೂ ಬೀಳುತ್ತಾರೆ. ಕಣ್ಣಿನ ಪೊರೆ ಇದ್ದರೆ ಶಸ್ತ್ರಚಿಕಿತ್ಸೆ ಮುಂದೂಡಬೇಡಿ. ಎದ್ದಾಗ ತಲೆ ಸುತ್ತುವವರು ರಕ್ತದೊತ್ತಡದ ಮತ್ತು ನಿದ್ರೆಯ ಮಾತ್ರೆಗಳ ಪ್ರಮಾಣವನ್ನು ವೈದ್ಯರಲ್ಲಿ ಕೇಳಿಕೊಳ್ಳಬೇಕು.

ಇಷ್ಟಾದರೂ ಒಬ್ಬರು ಬಿದ್ದು, ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ ಸೊಂಟದ ಕೀಲಿನ ಮೂಳೆ ಮುರಿದಿದೆ ಎಂದೇ ತಿಳಿಯಿರಿ. ಎಣ್ಣೆ ತಿಕ್ಕುವುದು, ಎಳೆಯುವುದು, ಕಟ್ಟು ಹಾಕಿಸಿ ಮಲಗಿಸುವುದು ಬೇಡ. ಹಲಗೆಯ ಮೇಲೆ ಅಲುಗದಂತೆ ಮಲಗಿಸಿ 108ಕ್ಕೆ ಕರೆ ಮಾಡಿ. ಶಸ್ತ್ರಚಿಕಿತ್ಸೆ ಆದಷ್ಟೂ 48 ಗಂಟೆಯೊಳಗೆ ಆಗಬೇಕು. ಮಲಗಿಯೇ ಇದ್ದ ಹಸುವಿನ ತೊಡೆಯ ಸ್ನಾಯು ಅದರ ಭಾರಕ್ಕೇ ಕೆಡುವುದನ್ನು, ಮಗ್ಗುಲು ಬದಲಿಸದಿದ್ದರೆ ಮತ್ತೆ ಏಳದಿರುವುದನ್ನು ನೀವು ನೋಡಿದ್ದೀರಿ. ಮನುಷ್ಯರಿಗೂ ಹಾಸಿಗೆಯಲ್ಲಿ ಕಳೆದ ದಿನಗಳು ಸ್ನಾಯುವನ್ನು ಕರಗಿಸುತ್ತವೆ, ಆದ್ದರಿಂದ ವೈದ್ಯರು ಹೇಳಿದ ದಿನವೇ ಎಬ್ಬಿಸಿ ನಡೆಸಬೇಕು. ಮುರಿದದ್ದನ್ನು ಕೂಡಿಸಿ ಕಳುಹಿಸುವಾಗ, "ಮೂಳೆ ಟೊಳ್ಳಾಗಿರುವುದಕ್ಕೆ ಬೇರೆ ಔಷಧಿ ಬೇಕೇ? ವಿಟಮಿನ್ ಡಿ ಪರೀಕ್ಷೆ ಆಗಿದೆಯೇ?" ಎಂಬ ಎರಡು ಪ್ರಶ್ನೆಗಳನ್ನು ನೀವೇ ಕೇಳಿ. ಒಮ್ಮೆ ಮುರಿದವರಿಗೆ ಇನ್ನೊಂದು ಕಡೆ ಮುರಿಯುವ ಸಂಭವ ಹೆಚ್ಚು. ವರ್ಷಕ್ಕೊಮ್ಮೆ ನರಕ್ಕೆ ಕೊಡುವ ಔಷಧಿಯೂ ಇದಕ್ಕೆ ಇದೆ, ಅದನ್ನು ಕೊಡುವ ಮೊದಲು ವಿಟಮಿನ್ ಡಿ ಸರಿಯಿರಬೇಕು.